ಒಂಥರಾ ಸ್ಟೀರಿಂಗು

"ಸ್ಟೀರಿಂಗು ಒಂಥರಾ ಇದೆ," ಎಂದರು ಹಲ್ಲಿನ ಡಾಕ್ಟರು.

ಗ್ಯಾರೇಜಿನಲ್ಲಿ ಕೆಲಸ ಮಾಡುವವರ ಎದೆ ಧಸಕ್ಕೆನ್ನಲು ಈ ಒಂದು ಮಾತು ಸಾಕು. ಬ್ರೇಕ್ ಹಿಡಿಯುತ್ತಿಲ್ಲ ಅನ್ನಿ, ಬಿಚ್ಚಿ ನೋಡುತ್ತಾರೆ. ಹೊಗೆ ಬರುತ್ತಿದೆ ಅನ್ನಿ, ಎಲ್ಲಿಂದ ಎಂದು ಹುಡುಕುತ್ತಾರೆ. ಆದರೆ ಒಂಥರಾ ಅಂದರೆ ಏನನ್ನು ಬಿಚ್ಚುವುದು, ಎಲ್ಲಿ ಹುಡುಕುವುದು? ಅದರಲ್ಲೂ ಈ ಡಾಕ್ಟರು ಅದೇ ಮಾತನ್ನು ಒಂದೇ ತಿಂಗಳಲ್ಲಿ ಮೂರನೇ ಸಲ ಹೇಳುತ್ತಿದ್ದರು. ಕಾರಾದರೂ ಯಾವುದೋ ಹಳೇ ಡಬ್ಬಾ ಗಾಡಿಯೇ? ಎಂಜಿನ್ನನ್ನು ಬೆನ್ನಿಗೆ ಕಟ್ಟಿಕೊಂಡ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡನೆಯ, ಕೆಂಪು ಸ್ಪೋರ್ಟ್ಸ್ ಕಾರು. ಅದನ್ನು ಸ್ಟಾರ್ಟ್ ಮಾಡಿದರೆ ಪಕ್ಕದ ಕಟಿಂಗ್ ಶಾಪಿನ ಕನ್ನಡಿಗಳು ನಡುಗುತ್ತಿದ್ದವು. ಕಟಿಂಗ್ ಶಾಪಿನವನು ಕತ್ತರಿಯನ್ನು ಗಿರಾಕಿಯ ಕಿವಿಯಿಂದ ದೂರ ಹಿಡಿದು, ಸದ್ದು ನಿಲ್ಲುವವರೆಗೆ ಕಾಯುತ್ತಿದ್ದ.

"ಒಂಥರಾ ಅಂದ್ರೆ ಹೇಗೆ ಡಾಕ್ಟ್ರೇ?" ಎಂದು ಗ್ಯಾರೇಜಿನ ಯಜಮಾನರು ಕೈ ಕಟ್ಟಿಕೊಂಡು ಕೇಳಿದರು.

ಡಾಕ್ಟರು ಸ್ವಲ್ಪ ಯೋಚಿಸಿದರು. "ಹಲ್ಲು ಕೀಳೋಕೆ ಮುಂಚೆ ಇಂಜೆಕ್ಷನ್ ಕೊಡ್ತೀವಲ್ಲ, ಆಮೇಲೆ ತುಟಿ ಹೇಗಿರುತ್ತೆ ಹೇಳಿ? ಇದೆ ಅಂತ ಗೊತ್ತು. ಮುಟ್ಟಿದ್ರೆ ಸಿಗುತ್ತೆ. ಆದ್ರೆ ನಮ್ಮದು ಅನ್ಸಲ್ಲ. ಹಾಗೆ! ಕೆಳಗೆ ರಸ್ತೆ ಇದೆ ಅಂತ ನನಗೆ ಗೊತ್ತು ಕಣ್ರೀ, ಆದ್ರೆ ಅಲ್ಲಿಯ ಸುದ್ದಿ ಕೈಗೆ ಬರ್ತಾ ಇಲ್ಲ. ತಗೊಂಡಾಗ ಹೀಗಿರ್ಲಿಲ್ಲ. ಬೆಂಕಿಕಡ್ಡಿ ಮೇಲೆ ಚಕ್ರ ಹೋದ್ರೂ ಗೊತ್ತಾಗ್ತಿತ್ತು."

ಅವರು ಹೀಗೆ ವರ್ಣಿಸುತ್ತಿರುವಾಗ ಕೌಂಟರ್ ಅಕ್ಕ ತನ್ನ ಕೆಲಸ ಶುರುಮಾಡಿಯಾಗಿತ್ತು. ಹಿಂದೊಮ್ಮೆ ಗಿರಾಕಿಯೊಬ್ಬರ ಛತ್ರಿ ಕಾರಿನಿಂದ ಕಾಣೆಯಾಗಿ, ಅದು ಅವರ ಮಾವನವರ ಛತ್ರಿಯೆಂದು ಗೊತ್ತಾಗಿ, ದೊಡ್ಡ ರಾದ್ಧಾಂತವೇ ನಡೆದಿತ್ತು. ಅಂದಿನಿಂದ ಅಕ್ಕನದು ಒಂದೇ ಕಾನೂನು. ಕಾರು ಒಳಗೆ ಬರುವ ಮುಂಚೆ, ಕಾರಲ್ಲದ್ದೆಲ್ಲ ಹೊರಗೆ. ಟವೆಲ್ಲೋ ಬಾಟಲಿಯೋ ಬೊಂಬೆಯೋ, ಏನೇ ಇರಲಿ, ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಎತ್ತಿಡುವುದು. ಕಾರು ಹೊರಡುವಾಗ ಎಲ್ಲವನ್ನೂ ಎಲ್ಲಿತ್ತೋ ಅಲ್ಲೇ ಇಡುವುದು. ಆ ಚೀಲಗಳ ಹತ್ತಿರ ಮೆಕ್ಯಾನಿಕ್ಕುಗಳು ಸುಳಿದರೂ ಅವಳಿಗೆ ಆಗುತ್ತಿರಲಿಲ್ಲ.

ಡಾಕ್ಟರು ಕ್ಲಿನಿಕ್ಕಿಗೆ ಹೋದ ಮೇಲೆ ಯಜಮಾನರು ತಮ್ಮ ಇಬ್ಬರು ಮೆಕ್ಯಾನಿಕ್ಕುಗಳನ್ನು ಕರೆದು ಬಾಗಿಲು ಹಾಕಿಕೊಂಡರು. ಒಬ್ಬನನ್ನು ಎಲ್ಲರೂ 'ಲ್ಯಾಪ್‌ಟಾಪ್' ಎನ್ನುತ್ತಿದ್ದರು. ಅವನು ಕಾರಿನ ಮುಖ ನೋಡುತ್ತಲೇ ಇರಲಿಲ್ಲ, ವೈರು ಚುಚ್ಚಿ ಪರದೆಯಲ್ಲಿ ಬರುವುದನ್ನು ಓದುತ್ತಿದ್ದ. ಇನ್ನೊಬ್ಬ ನಮ್ಮವನು. ಇವನ ಹೆಸರು 'ನಾಡಿ'. ಸ್ಟೀರಿಂಗಿನ ಮೇಲೆ ಎರಡೇ ಬೆರಳಿಟ್ಟು, ಕಣ್ಣು ಅರ್ಧ ಮುಚ್ಚಿ, ಕಾರಿನ ಹೊಟ್ಟೆಯೊಳಗಿನ ಕಾಯಿಲೆ ಹೇಳುತ್ತೇನೆಂದು ಕೊಚ್ಚಿಕೊಂಡು ಅಂಟಿಸಿಕೊಂಡ ಹೆಸರು ಅದು. ಹೇಳಿದ್ದು ಕೆಲವು ಸಲ ನಿಜವೂ ಆಗಿತ್ತು.

"ನೋಡ್ರಯ್ಯಾ," ಎಂದರು ಯಜಮಾನರು. "ಈ ಡಾಕ್ಟ್ರು ಈ ಸಲಾನೂ ಒಂಥರಾ ಅಂದ್ಕೊಂಡು ಹೋದ್ರೆ ನಾವು ಕೆಟ್ವಿ. ದಿನಾ ಎಷ್ಟು ಜನ ಅವರ ಮುಂದೆ ಬಾಯಿ ಕಳ್ಕೊಂಡು ಬಿದ್ದಿರ್ತಾರೆ ಗೊತ್ತಾ? ಅವರು ಹೇಳಿದ್ದನ್ನೆಲ್ಲ ಕೇಳ್ಕೋಬೇಕು, ತಿರುಗಿ ಒಂದು ಮಾತಾಡೋ ಹಾಗಿಲ್ಲ. ಒಂದೊಂದು ಹಲ್ಲಿನ ಜೊತೆ ನಮ್ಮ ಮಾನಾನೂ ಕಿತ್ತು ತಟ್ಟೆಗೆ ಹಾಕ್ತಾರೆ. ಸಂಜೆ ಅವರು ಬರೋ ಹೊತ್ತಿಗೆ ಈ ಒಂಥರಾನ ಯಾರು ಹಿಡೀತೀರೋ, ಗಾಜಿನ ರೂಮಿನ ಕುರ್ಚಿ ಅವರದು."

ನಾಡಿಯ ಮೈ ಜುಮ್ಮೆಂದಿತು. ಹೆಡ್ ಮೆಕ್ಯಾನಿಕ್ಕು ನಿವೃತ್ತನಾದಂದಿನಿಂದ ಆ ತಿರುಗುವ ಕುರ್ಚಿ ಖಾಲಿ ಬಿದ್ದಿತ್ತು. ಅದರಲ್ಲಿ ಕೂತರೆ ಗ್ಯಾರೇಜಿನ ಮೂಲೆಮೂಲೆಯೂ ಕಾಣುತ್ತಿತ್ತು. ಕಾರುಗಳ ಅಡಿಯಲ್ಲಿ ಮಲಗಿ ಮಲಗಿ ಸೊಂಟ ಹಿಡಿದುಹೋದವನಿಗೆ ಅದು ಸಿಂಹಾಸನವೇ ಸರಿ. ಆದರೆ ಅವನ ನಿಜವಾದ ಕಣ್ಣು ಇದ್ದದ್ದು ಕುರ್ಚಿಯ ಜೊತೆಗೆ ಬರುವ ಮಹಡಿಯ ಕೋಣೆಯ ಮೇಲೆ. ದೊಡ್ಡ ಕಿಟಕಿಯ ಆ ಕೋಣೆಯನ್ನು ಹೆಡ್ ಆದವನು ಹೇಗೆ ಬೇಕಾದರೂ ಬಳಸಬಹುದಿತ್ತು. ಅದನ್ನು ಹೆಂಡತಿಗೆ ಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದ.

ಹೆಂಡತಿ ಮನೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂತು ಸ್ಪಂಜು ತುಂಬಿದ ಮೆತ್ತೆಗಳನ್ನು ಹೊಲಿಯುತ್ತಿದ್ದಳು. ಇರುವ ಒಂದೂವರೆ ಕೋಣೆಯಲ್ಲಿ ಸ್ಪಂಜಿಲ್ಲದ ಜಾಗವಿರಲಿಲ್ಲ. ಹಾಸಿಗೆಯಲ್ಲಿ ಸ್ಪಂಜು, ತಟ್ಟೆಯಲ್ಲಿ ಸ್ಪಂಜು, ನಾಡಿಯ ತಲೆಯಲ್ಲಿ ಸ್ಪಂಜಿನ ಚೂರು. ಹೊಲಿದ ಪ್ರತಿಯೊಂದರ ಮೂಲೆಯಲ್ಲೂ ಅವಳು ಒಂದು ಪುಟ್ಟ ಹಸಿರು ಗಿಳಿಯನ್ನು ದಾರದಲ್ಲಿ ಕೂರಿಸುತ್ತಿದ್ದಳು. ಅದು ಅವಳ ಗುರುತು.

ಅಂದು ಬೆಳಿಗ್ಗೆ ಅವನು ಹೊರಡುವಾಗ ಅವಳು ಬಾಗಿಲಲ್ಲಿ ಅಡ್ಡ ನಿಂತಿದ್ದಳು. "ರೀ, ಒಬ್ಬರು ದೊಡ್ಡ ಮನುಷ್ಯರು ನನ್ನ ಹತ್ರ ಒಂದು ಸೆಟ್ ತಗೊಂಡಿದ್ದಾರೆ. ತಿಂಗಳು ನೋಡ್ತೀನಿ, ಒಗ್ಗಿದ್ರೆ ದೊಡ್ಡ ಆರ್ಡರೇ ಕೊಡ್ತೀನಿ ಅಂದಿದ್ರು. ಇವತ್ತು ಹೇಳ್ಬಹುದು."

"ಯಾರೇ ಅದು?"

"ಹೇಳಲ್ಲ. ಹೋದ್ಸಲ ಹೇಳಿದ್ದಕ್ಕೆ ಊರಿಗೆಲ್ಲ ಡಂಗುರ ಹೊಡೆದ್ರಿ, ಆರ್ಡರು ಬೇರೆಯವರ ಪಾಲಾಯ್ತು. ಈ ಸಲ ಕೈಗೆ ಬಂದ ಮೇಲೇನೇ ಹೇಳೋದು. ನೀವೂ ಅಷ್ಟೇ, ನಾನು ಹೊಲಿಯೋ ವಿಷಯ ಗ್ಯಾರೇಜಲ್ಲಿ ಬಾಯಿ ಬಿಡಬೇಡಿ." ಹೀಗೆಂದು, ಗಿಳಿಯಿದ್ದ ಕರ್ಚೀಫೊಂದನ್ನು ಅವನ ಜೇಬಿಗೆ ತುರುಕಿ ಕಳಿಸಿದ್ದಳು.

ನಾಡಿ ಬಾಯಿ ಬಿಟ್ಟಿರಲಿಲ್ಲ. ತಲೆಯ ಮೇಲಿನ ಸ್ಪಂಜಿನ ಚೂರನ್ನು ತಲೆಹೊಟ್ಟು ಎಂದು ತಿಳಿದು ಕಟಿಂಗ್ ಶಾಪಿನವನು ದಿನಾ ಒಂದೊಂದು ಎಣ್ಣೆ ಹೇಳುತ್ತಿದ್ದ. ಅದನ್ನೂ ಪಾಪ ನುಂಗಿಕೊಂಡಿದ್ದ.

ಇರಲಿ, ಕಾರಿಗೆ ಬರೋಣ.

ನಾಡಿ ಕೆಂಪು ಕಾರನ್ನು ಟ್ರಯಲ್‌ಗೆ ತೆಗೆದ. ಸ್ಟೀರಿಂಗಿನ ಮೇಲೆ ಎರಡು ಬೆರಳಿಟ್ಟ, ಕಣ್ಣು ಅರ್ಧ ಮುಚ್ಚಿದ, ಎದುರಿಗೆ ಬಸ್ಸು ಬಂದದ್ದರಿಂದ ಮತ್ತೆ ತೆರೆದ. ಒಂದು ಸುತ್ತು ಹೊಡೆಯುವಷ್ಟರಲ್ಲಿ ಅವನಿಗೆ ಬೆವರು ಬಂತು. ಸ್ಟೀರಿಂಗಿನಲ್ಲಿ ಯಾವ ದೋಷವೂ ಇರಲಿಲ್ಲ! ಕಾರು ಎಡಕ್ಕೆ ಅನ್ನುವ ಮುಂಚೆ ಎಡಕ್ಕೆ ಹೋಗುತ್ತಿತ್ತು. ರಸ್ತೆಯ ಬಿಳಿ ಗೆರೆಯ ಮೇಲೆ ಬಳಿದ ಬಣ್ಣ ಎಷ್ಟು ದಪ್ಪ ಎಂಬುದು ಕೂಡ ಬೆರಳಿಗೆ ತಿಳಿಯುತ್ತಿತ್ತು. ಹಾಗೆಂದು ವಾಪಸ್ಸು ಹೋಗಿ ಏನೂ ಇಲ್ಲ ಎನ್ನುವಂತಿರಲಿಲ್ಲ. ಏನೂ ಇಲ್ಲ ಎಂದು ಲ್ಯಾಪ್‌ಟಾಪ್ ಹಿಂದಿನ ಎರಡು ಸಲವೂ ಹೇಳಿ ಉಗಿಸಿಕೊಂಡಿದ್ದ.

"ಏನಂತೆ ಗುರುವೇ?" ಎಂದ ಲ್ಯಾಪ್‌ಟಾಪ್.

"ಇದೆ... ಇಲ್ಲ ಅಂತಲ್ಲ," ಎಂದ ನಾಡಿ.

ಲ್ಯಾಪ್‌ಟಾಪ್ ವೈರು ಚುಚ್ಚಿದ. "ಎಲ್ಲ ಹಸಿರೇ ಬರ್ತಿದೆ."

"ಸರೀರಯ್ಯಾ," ಎಂದು ಯಜಮಾನರು ತಾವೇ ಕಾರಿನೊಳಗೆ ಇಳಿದರು. ಇಳಿದರು ಎಂದೇ ಹೇಳಬೇಕು, ಬಾವಿಗೆ ಇಳಿದ ಹಾಗೆಯೇ ಇತ್ತು ಅದು. ಬೀದಿಯ ತುದಿಗೆ ಹೋಗಿ ಬಂದು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಇದೆ ಕಣ್ರಯ್ಯಾ, ಇದೆ! ಸ್ವಲ್ಪ... ಹೀಗೆ..." ಎಂದು ಕೈಯನ್ನು ನೀರಿನಲ್ಲಿ ಮೀನು ಹೋಗುವಂತೆ ಆಡಿಸಿದರು.

ಯಜಮಾನರಿಗೆ ಗೊತ್ತಾದದ್ದು ತನಗೆ ಗೊತ್ತಾಗದಿದ್ದರೆ ಹೇಗೆ? ಲ್ಯಾಪ್‌ಟಾಪ್ ಒಂದು ಸುತ್ತು ಹೋಗಿ ಬಂದು, "ಹೌದು, ಸ್ವಲ್ಪ ಹಾಗೇನೇ," ಎಂದ. ನಾಡಿ ಇನ್ನೊಂದು ಸುತ್ತು ಹೋದ. ಈ ಸಲ ಅವನಿಗೂ ಏನೋ ಅನ್ನಿಸಿತು. ಅಥವಾ ಅನ್ನಿಸಿದಂತೆ ಅನ್ನಿಸಿತು. ಇಷ್ಟು ವರ್ಷ ತಾನು ನಂಬಿದ್ದ ಬೆರಳುಗಳು ಕೈಕೊಟ್ಟವೇ? ಬಿಸಿನೀರಿನಲ್ಲಿ ಕೈ ಅದ್ದಿ ನೋಡಿದ, ಸುಟ್ಟಿತು. ಬೆರಳುಗಳು ಸರಿಯಾಗಿದ್ದವು, ಈಗ ಕೆಂಪಾಗಿಯೂ ಇದ್ದವು.

ಇಷ್ಟರಲ್ಲಿ ಕಟಿಂಗ್ ಶಾಪಿನವನು ಮೂಗು ತೂರಿಸಿದ. ಆಳು ದಪ್ಪ, ಮಾತು ಜಾಸ್ತಿ. ಯಾರೂ ಕರೆಯದಿದ್ದರೂ ಕಾರಿನೊಳಗೆ ಕೂತು ಸ್ಟೀರಿಂಗು ಹಿಡಿದ. "ಎಡಗಡೆ ಎಳೀತಿದೆ."

"ಕಾರು ನಿಂತಿದೆಯಲ್ಲಯ್ಯಾ!" ಎಂದ ನಾಡಿ.

"ಅದಕ್ಕೇ ಹೇಳಿದ್ದು. ನಿಂತಾಗ್ಲೇ ಇಷ್ಟು ಎಳೆದ್ರೆ ಓಡುವಾಗ ಎಷ್ಟು ಎಳೀಬೇಡ? ಅಂದ ಹಾಗೆ, ಆ ಎಣ್ಣೆ ಹಚ್ಚಿದ್ಯಾ? ಹೊಟ್ಟು ಹಾಗೇ ಇದೆಯಲ್ಲ!"

ನಾಡಿ ಹಲ್ಲು ಕಚ್ಚಿ ಕೆಲಸಕ್ಕಿಳಿದ. ನಾಲ್ಕೂ ಟೈರುಗಳ ಗಾಳಿ ತೆಗೆದು ಮತ್ತೆ ತುಂಬಿದ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ರಾಡುಗಳನ್ನು ಬಿಚ್ಚಿ, ಅವುಗಳ ತುದಿಯ ಗುಂಡುಗಳನ್ನು ಅಲ್ಲಾಡಿಸಿ ನೋಡಿದ. ಒಂದು ಕೂದಲಿನಷ್ಟೂ ಸಡಿಲವಿರಲಿಲ್ಲ. ರಬ್ಬರ್ ಬುಷ್ಷುಗಳನ್ನು ಬ್ಯಾಟರಿ ಹಿಡಿದು ನೋಡಿದ, ಹೊಸದರಂತೆ ಹೊಳೆಯುತ್ತಿದ್ದವು. ಸ್ಟೀರಿಂಗಿನ ಕಂಬಿಯ ಗಂಟಿನಲ್ಲಿ ಏನಾದರೂ ಸಿಕ್ಕೀತೆಂದು ಕೈ ಹಾಕಿದ. ಸಿಕ್ಕಿದ್ದು ಅವನ ವಾಚು. ಅದನ್ನು ಬಿಡಿಸಿಕೊಳ್ಳಲು ಲ್ಯಾಪ್‌ಟಾಪ್ ಬರಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಸೋತು ಸುಣ್ಣವಾಗಿ ಕಾರಿನ ಪಕ್ಕದಲ್ಲೇ ಮೈ ಚಾಚಿದ. ತಲೆಗೊಂದು ಆಸರೆ ಬೇಕಿತ್ತು. ಕೈಗೆ ಸಿಕ್ಕಿದ ಬಟ್ಟೆಯ ಚೀಲವೊಂದನ್ನು ಎಳೆದು ತಲೆಯಡಿಗೆ ಇಟ್ಟುಕೊಂಡ. ಆಹಾ, ಎಂಥ ಸುಖ! ಕತ್ತಿನ ಕೆಳಗೆ ನೆಲವೇ ಇಲ್ಲವೆನ್ನಿಸಿತು. ಕಣ್ಣು ಎಳೆಯುತ್ತಿತ್ತು, ಅಷ್ಟರಲ್ಲಿ ಯಾರೋ ಚೀಲವನ್ನು ರಪ್ಪನೆ ಕಿತ್ತುಕೊಂಡರು. ತಲೆ ನೆಲಕ್ಕೆ ಬಡಿಯಿತು.

"ಗಿರಾಕಿ ಸಾಮಾನನ್ನ ತಲೆಗೆ ಇಟ್ಕೋತೀಯಾ? ಛತ್ರಿ ಕತೆ ಮರೆತುಹೋಯ್ತಾ?" ಎಂದಳು ಕೌಂಟರ್ ಅಕ್ಕ.

"ಅಕ್ಕಾ, ಒಳಗೇನಿದೆ? ಇಷ್ಟೊಂದು ಮೆತ್ತಗಿದೆಯಲ್ಲ!"

"ಏನಾದ್ರೂ ಇರ್ಲಿ. ಅದು ಕಾರಲ್ಲ, ನಿನಗೆ ಬೇಕಾಗಿಲ್ಲ. ನೀನು ಕಾರು ನೋಡು," ಎಂದು ಚೀಲವನ್ನು ಎದೆಗವಚಿಕೊಂಡು ಹೋದಳು.

ಆಗ ನಾಡಿಗೆ ಕೊನೆಯ ಉಪಾಯ ಹೊಳೆಯಿತು. ಅಲೈನ್‌ಮೆಂಟು! ಇಂಥ ಕಾರುಗಳ ಚಕ್ರ ನೇರಮಾಡುವಾಗ ಓಡಿಸುವವರ ತೂಕ ಸೀಟಿನ ಮೇಲೆ ಇರಬೇಕು. ಇಲ್ಲದಿದ್ದರೆ ಲೆಕ್ಕ ಕೂದಲೆಳೆಯಷ್ಟು ಆಚೀಚೆಯಾಗುತ್ತದೆ. ಇಲ್ಲಿಯವರೆಗೆ ಗ್ಯಾರೇಜಿನಲ್ಲಿ ಖಾಲಿ ಸೀಟಿನಲ್ಲೇ ಮಾಡಿದ್ದರು. ಡಾಕ್ಟರೋ ಒಳ್ಳೆ ಭಾರಿ ಆಸಾಮಿ. ಅವರಷ್ಟೇ ತೂಕದವರು ಯಾರಿದ್ದಾರೆ? ನಾಡಿ ಓಡಿಹೋಗಿ ಕಟಿಂಗ್ ಶಾಪಿನವನ ಕೈ ಹಿಡಿದು ಎಳೆದುಕೊಂಡು ಬಂದ.

"ಸುಮ್ನೆ ಕೂತಿರಬೇಕು. ಅಲ್ಲಾಡಬಾರದು. ಮಾತಾಡ್ಲೂಬಾರದು."

"ಮಾತಾಡಿದ್ರೆ ತೂಕ ಕಮ್ಮಿ ಆಗುತ್ತಾ?"

"ನಿನ್ನ ವಿಷಯದಲ್ಲಿ ಆಗ್ಬಹುದು!"

ಅವನನ್ನು ಕೂರಿಸಿ, ಚಕ್ರಗಳಿಗೆ ಅಳತೆಯ ತಟ್ಟೆಗಳನ್ನು ಸಿಕ್ಕಿಸಿ, ಪರದೆಯಲ್ಲಿ ಅಂಕಿಗಳು ಒಂದು ಕಡೆ ನಿಲ್ಲುತ್ತಿವೆ ಎನ್ನುವಷ್ಟರಲ್ಲಿ ಗ್ಯಾರೇಜಿನ ಬಾಗಿಲಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಂಡ. ಕತ್ತಿಗೆ ಬಿಳಿ ಬಟ್ಟೆ, ಮುಖದ ಒಂದು ಕಡೆ ನೊರೆ, ಇನ್ನೊಂದು ಕಡೆ ನುಣುಪು. ಕಣ್ಣಲ್ಲಿ ಕೆಂಡ.

"ಅರ್ಧಕ್ಕೆ ಬಿಟ್ಟು ಬಂದು ಇಲ್ಲಿ ಕಾರಲ್ಲಿ ಜಾಲಿಯಾಗಿ ಕೂತಿದ್ದೀಯಲ್ಲ! ನಾನು ಇದೇ ಮುಖ ಇಟ್ಕೊಂಡು ಆಫೀಸಿಗೆ ಹೋಗ್ಲಾ?"

"ಅಯ್ಯೋ, ನಾನು ಏಳೋ ಹಾಗಿಲ್ಲ ಸ್ವಾಮಿ, ಎದ್ರೆ ಡಾಕ್ಟ್ರ ಲೆಕ್ಕ ತಪ್ಪುತ್ತೆ," ಎಂದ ಕಟಿಂಗ್ ಶಾಪಿನವನು. "ಒಂದು ಕೆಲ್ಸ ಮಾಡಿ. ಇಲ್ಲೇ ಮಂಡಿ ಊರಿ, ತಲೆ ಒಳಗೆ ಕೊಡಿ."

ನಾಡಿ ಬೇಡ ಬೇಡ ಎನ್ನುವಷ್ಟರಲ್ಲಿ ಆ ಮನುಷ್ಯ ಮಂಡಿಯೂರಿ, ಕಾರಿನ ಕಿಟಕಿಯೊಳಗೆ ತಲೆ ತೂರಿಸಿ, ಗಲ್ಲ ಮೇಲೆತ್ತಿಯಾಗಿತ್ತು. ಕಟಿಂಗ್ ಶಾಪಿನವನ ಜೇಬಿನಿಂದ ಕ್ಷೌರದ ಕತ್ತಿ ಹೊರಬಂತು. ಕತ್ತಿ ಕೆನ್ನೆಯ ಮೇಲೆ ಒಮ್ಮೆ ಜಾರಿದರೆ ಪರದೆಯ ಮೇಲೆ ಅಂಕಿಗಳೂ ಒಮ್ಮೆ ಕುಣಿಯುತ್ತಿದ್ದವು. "ಅಲ್ಲಾಡಬೇಡಿ!" ಎಂದು ನಾಡಿ ಕಿರುಚಿದ. "ನೀನು ಕಿರುಚಬೇಡ, ಕೆನ್ನೆ ಹೋಗುತ್ತೆ!" ಎಂದು ಕಾರಿನೊಳಗಿಂದ ಉತ್ತರ ಬಂತು. ಯಜಮಾನರು ಬಂದು ನೋಡಿದಾಗ ಅವರ ಗ್ಯಾರೇಜಿನ ಅತ್ಯಂತ ದುಬಾರಿ ಕಾರಿನಿಂದ ಸೋಪಿನ ನೊರೆ ಇಳಿಯುತ್ತಿತ್ತು. ಅವರು ಹೊರಗೆ ಹೋಗಿ, ಗೋಡೆ ನೋಡುತ್ತ ನಿಂತರು.

"ಸ್ಟೀರಿಂಗು ಸೊಟ್ಟಗಿದೆ ಅನ್ಸುತ್ತೆ," ಎಂದ ತಲೆ ಓರೆಮಾಡಿಕೊಂಡಿದ್ದ ಗಿರಾಕಿ, ಎದ್ದು ಹೋಗುವ ಮುಂಚೆ.

ಅಂತೂ ಅಲೈನ್‌ಮೆಂಟು ಮುಗಿಯಿತು. ಲ್ಯಾಪ್‌ಟಾಪ್ ಪರದೆ ನೋಡಿದ, ಬೆಳಗಿನದನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದ. "ಗುರುವೇ, ಬೆಳಿಗ್ಗೆ ಏನಿತ್ತೋ ಅದೇ ಇದೆ."

ನಾಡಿ ತಲೆಯ ಮೇಲೆ ಕೈ ಹೊತ್ತು ಕೂತ. ಇಡೀ ದಿನ ಬಿಚ್ಚಿ ಜೋಡಿಸಿ ಅವನು ಬೆಳಗಿನ ಕಾರನ್ನೇ ಮತ್ತೆ ತಯಾರಿಸಿದ್ದ. ಹೆಂಡತಿಗೆ ಏನು ಹೇಳುವುದು? ಕಿಟಕಿಯ ಹತ್ತಿರ ಮಷಿನ್ನು, ಗೋಡೆಗೆ ಸ್ಪಂಜಿನ ರಾಶಿ, ನಡುವೆ ಕಾಲು ಚಾಚಲು ಜಾಗ ಎಂದು ಅವಳು ಮಹಡಿಯ ಕೋಣೆಯನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಅದನ್ನು ನೆನೆದು ಅವನಿಗೆ ಅಳುವೇ ಬಂತು.

ಹೊತ್ತಿಗೆ ಸರಿಯಾಗಿ ಡಾಕ್ಟರು ಬಂದರು. ಕೌಂಟರ್ ಅಕ್ಕ ಅವರ ಸಾಮಾನಿನ ಚೀಲ ಹಿಡಿದು ಕಾರಿನತ್ತ ಹೊರಟಳು. ನಾಡಿ ಅಡ್ಡ ಬಂದ. "ಆಮೇಲೆ ಅಕ್ಕಾ, ಈಗ ಬೇಡ. ಡಾಕ್ಟ್ರೇ, ಮೊದಲು ನೀವೇ ಓಡಿಸಿ, ನಾನು ಪಕ್ಕದಲ್ಲಿರ್ತೀನಿ. ಒಂಥರಾ ಅನ್ಸಿದ ತಕ್ಷಣ ನಿಲ್ಸಿ, ಅಲ್ಲೇ ನೋಡ್ಬಿಡೋಣ." ಬೇರೆ ದಾರಿ ಕಾಣದೆ ಹೇಳಿದ ಮಾತು ಅದು. ಹಿಂದಿನ ಎರಡು ಸಲ ಯಾರೂ ಇದನ್ನು ಮಾಡಿರಲಿಲ್ಲ.

ಡಾಕ್ಟರು ಗಂಟುಮುಖದಲ್ಲಿ ಹೊರಟರು. ಮೊದಲ ತಿರುವು ಬಂತು. ಅವರ ಹುಬ್ಬು ಮೇಲೇರಿತು. ಎರಡನೇ ತಿರುವು. ತುಟಿ ಅಗಲವಾಯಿತು.

"ಬಂತು!"

"ಏನು ಬಂತು ಡಾಕ್ಟ್ರೇ?" ಎಂದ ನಾಡಿ, ಬಾಗಿಲು ಗಟ್ಟಿಯಾಗಿ ಹಿಡಿದು.

"ಸುದ್ದಿ ಬಂತು ಕಣಪ್ಪಾ! ರಸ್ತೆ ಮಾತಾಡ್ತಿದೆ! ಅಗೋ, ಈಗೊಂದು ಕಲ್ಲು ಹೋಯ್ತು, ಚಿಕ್ಕದು, ಬಲಗಡೆ! ಏನ್ ಮಾಡಿದೆ ನೀನು?"

ಏನು ಮಾಡಿದೆನೆಂದು ನಾಡಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರು ನಗುವಂತೆ ಸುಮ್ಮನೆ ನಕ್ಕ. ಡಾಕ್ಟರಿಗೆ ಅದು ದೊಡ್ಡ ವಿದ್ಯೆಯ ವಿನಯದಂತೆ ಕಂಡಿತು.

ಗ್ಯಾರೇಜಿಗೆ ಬಂದದ್ದೇ ಡಾಕ್ಟರು ನಾಡಿಯ ಬೆನ್ನು ತಟ್ಟಿದರು. ಯಜಮಾನರು ನೊರೆಯ ವಿಷಯವನ್ನು ಮರೆತೇಬಿಟ್ಟು ಗಾಜಿನ ರೂಮಿನ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು. ಲ್ಯಾಪ್‌ಟಾಪ್ ಕೂಡ ಪರದೆಯಿಂದ ಕಣ್ಣೆತ್ತಿ, "ಬೆರಳು ಅಂದ್ರೆ ಬೆರಳು ಗುರುವೇ," ಎಂದ. ನಾಡಿಯ ಕಾಲು ನೆಲದ ಮೇಲಿರಲಿಲ್ಲ. ಒಳಗೆ ಹೋಗಿ, ಕುರ್ಚಿಯಲ್ಲಿ ಕೂತು, ಒಂದು ಸುತ್ತು ತಿರುಗಿ, ಹೆಂಡತಿಗೆ ಫೋನ್ ಮಾಡಿದ.

"ಕುರ್ಚಿ ಸಿಕ್ತು ಕಣೇ! ಮೇಲಿನ ರೂಮು ನಿಂದೇ!"

"ಹೌದಾ? ನಿಜವಾಗ್ಲೂ?" ಎಂದಳು ಅವಳು. ಹಿಂದಿನಿಂದ ಬರುತ್ತಿದ್ದ ಮಷಿನ್ನಿನ ಸದ್ದು ನಿಂತಿತು. "ಬೇಗ ಬನ್ನಿ. ನಿಮಗೆ ಅಂತ ಒಂದು ಇಟ್ಟಿದ್ದೀನಿ."

ಫೋನ್ ಇಟ್ಟು ನಾಡಿ ಇನ್ನೊಂದು ಸುತ್ತು ತಿರುಗಿದ. ಆ ಕುರ್ಚಿಯಿಂದ ಎಲ್ಲ ಕಾಣುತ್ತದೆಂದು ಹೇಳಿದೆನಲ್ಲ? ಈಗ ಎಲ್ಲ ಕಂಡಿತು. ಗಾಜಿನ ಆಚೆ ಕೌಂಟರ್ ಅಕ್ಕ ಕೆಂಪು ಕಾರಿನ ಪಕ್ಕ ನಿಂತು ಚೀಲದ ಬಾಯಿ ಬಿಚ್ಚುತ್ತಿದ್ದಳು. ಮೊದಲು ಹೊರಬಂದದ್ದು ಗೇಣು ದಪ್ಪದ ಒಂದು ವೆಲ್ವೆಟ್ ಮೆತ್ತೆ. ಅದನ್ನು ಡ್ರೈವರ್ ಸೀಟಿನ ಮೇಲೆ ಇಟ್ಟಳು. ಆಮೇಲೆ ಬಂದದ್ದು ಉಂಗುರದ ಹಾಗಿದ್ದ, ಒಳಗೆ ಸ್ಪಂಜು ತುಂಬಿ ಉಬ್ಬಿದ, ಎಲಾಸ್ಟಿಕ್ಕಿನ ಒಂದು ಸ್ಟೀರಿಂಗ್ ಕವರು. ಅದನ್ನು ಎಳೆದು ಸ್ಟೀರಿಂಗಿಗೆ ತೊಡಿಸಿದಳು. ಎರಡರ ಅಂಚಿನಲ್ಲೂ ಒಂದೊಂದು ಪುಟ್ಟ ಹಸಿರು ಗಿಳಿ ಕೂತಿತ್ತು.

ನಾಡಿಯ ಕುರ್ಚಿ ತಿರುಗುವುದು ನಿಂತಿತು.

ಅವನು ಹೊರಗೆ ಓಡಿ ಬರುವಷ್ಟರಲ್ಲಿ ಡಾಕ್ಟರು "ಅಬ್ಬಾ, ಬೆನ್ನಿಗೆ ಈಗ ಹಾಯಾಯ್ತು," ಎನ್ನುತ್ತ ಹೊರಟೇಹೋಗಿದ್ದರು. ನಾಡಿ ಬಾಗಿಲಲ್ಲಿ ನಿಂತು, ಅವರು ನೇರ ಮನೆಗೆ ಹೋಗಲಿ ದೇವರೇ ಎಂದು ಬೇಡಿಕೊಂಡ. ಬೀದಿಯ ತುದಿಯಲ್ಲಿ ಕಾರಿನ ಹಿಂದಿನ ಕೆಂಪು ದೀಪ ಹೊತ್ತಿತು. ಕಾರು ತಿರುಗಿ ವಾಪಸ್ಸು ಬಂತು.

"ಒಂಥರಾ ಇದೆ," ಎಂದರು ಡಾಕ್ಟರು.

ಎಲ್ಲರೂ ನಾಡಿಯ ಮುಖ ನೋಡಿದರು. ಅವನ ಬಾಯಿಯಲ್ಲಿ ಉತ್ತರ ತಯಾರಾಗಿತ್ತು. ಆ ಮೆತ್ತೆ ತೆಗೆಯಿರಿ, ಆ ಕವರು ಕಳಚಿ ಬಿಸಾಕಿ ಎಂದರೆ ಮುಗಿಯಿತು, ಕುರ್ಚಿ ಅವನದೇ. ಅವನು ಬಾಯಿ ತೆರೆದ.

"ಈ ಕಾರಿನ ಸಹವಾಸವೇ ಸಾಕು ಅನ್ಸುತ್ತೆ," ಎಂದು ಡಾಕ್ಟರು ಮೆತ್ತೆಯನ್ನು ತಟ್ಟಿದರು. "ಇದರಲ್ಲಿ ನನ್ನದು ಕಂಪ್ಲೇಂಟೇ ಇಲ್ಲದ ಸಾಮಾನು ಅಂದ್ರೆ ಇವೆರಡೇ ನೋಡಿ. ದಿನಾ ಜನರ ಬಾಯೊಳಗೆ ಬಗ್ಗಿ ಬಗ್ಗಿ ನನ್ನ ಬೆನ್ನು ಬಿದ್ದುಹೋಗಿತ್ತು. ಹಲ್ಲು ತೋರಿಸೋಕೆ ಬಂದ ಒಬ್ಬ ಹೆಣ್ಣುಮಗಳು ಹೊಲಿದುಕೊಟ್ಟಳು. ತಿಂಗಳಾಯ್ತು, ಒಂದು ದೋಷ ಹುಡುಕ್ತೀನಿ ಅಂದ್ರೂ ಸಿಗ್ಲಿಲ್ಲ. ಒಂದೇ ಒಂದು ಸಿಕ್ಕಿದ್ರೂ ಆರ್ಡರು ಕೊಡ್ತಿರ್ಲಿಲ್ಲ, ನಾನು ಎಂಥವನು ಅಂತ ನಿಮಗೇ ಗೊತ್ತಲ್ಲ. ಈಗ್ಲೇ ಫೋನ್ ಮಾಡಿ, ಕ್ಲಿನಿಕ್ಕಿನ ಕುರ್ಚಿಗಳಿಗೆಲ್ಲ ಹೊಲಿದುಕೊಡು ಅಂತ ಹೇಳ್ತೀನಿ."

ನಾಡಿಯ ಬಾಯಿ ಮುಚ್ಚಿತು. ಮತ್ತೆ ತೆರೆಯಿತು. ಮತ್ತೆ ಮುಚ್ಚಿತು. ಗಾಜಿನ ಹಿಂದೆ ಕುರ್ಚಿ ಅವನನ್ನೇ ನೋಡುತ್ತಿತ್ತು. ಆದರೆ ಅವನ ಕಣ್ಣ ಮುಂದೆ ಬಂದದ್ದು ಬೆಳಿಗ್ಗೆ ಬಾಗಿಲಲ್ಲಿ ನಿಂತು 'ಇವತ್ತು ಹೇಳ್ಬಹುದು' ಎಂದಾಗಿನ ಅವಳ ಮುಖ.

"ಬಿಟ್ಟು ಹೋಗಿ ಡಾಕ್ಟ್ರೇ," ಎಂದ ಕೊನೆಗೆ. "ಇನ್ನೂ ಸ್ವಲ್ಪ ನೋಡ್ಬೇಕು."

ಯಜಮಾನರು ತಣ್ಣಗೆ ಕೈ ಚಾಚಿದರು. ನಾಡಿ ಬೀಗದ ಕೈಯನ್ನು ವಾಪಸ್ಸು ಕೊಟ್ಟ. ಆ ಒಂಥರಾವನ್ನು ತಾವೇ ಇನ್ನೊಮ್ಮೆ ನೋಡಲೆಂದು ಯಜಮಾನರು ಕಾರಿಗೆ ಇಳಿದರು. ಕೂತವರು ಅಲ್ಲೇ ಕಣ್ಣು ಮುಚ್ಚಿದರು. "ಆಹಾಹಾ... ಡಾಕ್ಟ್ರೇ, ಆ ಹೆಣ್ಣುಮಗಳ ನಂಬರ್ ನನಗೂ ಸ್ವಲ್ಪ ಕೊಡಿ."

ನಾಡಿ ಬೆವರು ಒರೆಸಿಕೊಳ್ಳಲು ಕರ್ಚೀಫು ತೆಗೆದ. ಕೌಂಟರ್ ಅಕ್ಕನ ಕಣ್ಣು ಅದರ ಮೂಲೆಗೆ ಹೋಯಿತು, ಅಲ್ಲಿಂದ ಮೆತ್ತೆಯ ಮೂಲೆಗೆ, ಅಲ್ಲಿಂದ ಸ್ಟೀರಿಂಗಿಗೆ, ಮತ್ತೆ ನಾಡಿಯ ಮುಖಕ್ಕೆ. ಅವನು ಗಿಳಿಯನ್ನು ಜೇಬಿಗೆ ತುರುಕಿದ.

ಅಕ್ಕ ಹತ್ತಿರ ಬಂದು ಪಿಸುಗುಟ್ಟಿದಳು. "ನಾನು ಏನೂ ನೋಡಿಲ್ಲಪ್ಪಾ. ನಾಳೆ ಬೆಳಿಗ್ಗೆ ಮತ್ತೆ ಚೀಲಕ್ಕೆ ಹಾಕ್ತೀನಿ ಬಿಡು."

ನಾಡಿ ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ತಲೆತುಂಬ ಸ್ಪಂಜಿನ ಚೂರು, ಮುಖತುಂಬ ನಗು.

"ರೀ! ಆರ್ಡರು ಬಂತು! ಈಗ ಹೇಳ್ತೀನಿ ಕೇಳಿ, ಯಾರು ಗೊತ್ತಾ? ನನ್ನ ಹಲ್ಲು ನೋಡಿದ ಡಾಕ್ಟ್ರು! ಕ್ಲಿನಿಕ್ಕಿನ ಕುರ್ಚಿಗಳಿಗೆಲ್ಲ ಬೇಕಂತೆ!"

ಅವಳು ಇಷ್ಟು ಖುಷಿಯಾಗಿದ್ದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. ಕುರ್ಚಿ ಹೋದ ದುಃಖ ಅರ್ಧ ಅಲ್ಲೇ ಕರಗಿಹೋಯಿತು. "ನನ್ನ ಕುರ್ಚಿ ಮುಂದಕ್ಕೆ ಹೋಯ್ತು ಕಣೇ. ಇನ್ನೂ ಸ್ವಲ್ಪ ಕೆಲ್ಸ ಬಾಕಿ ಇದೆಯಂತೆ," ಎಂದ.

"ಹೋಗ್ಲಿ ಬಿಡಿ, ಕುರ್ಚಿ ಎಲ್ಲಿಗೆ ಓಡಿಹೋಗುತ್ತೆ? ಇವತ್ತಲ್ಲ ನಾಳೆ ನಿಮ್ಮದೇ. ಇನ್ನೂ ಇದೆ ಕೇಳಿ! ಆಮೇಲೆ ಯಾರು ಫೋನ್ ಮಾಡಿದ್ರು ಹೇಳಿ? ನಿಮ್ಮ ಯಜಮಾನ್ರು! ನಾನು ನಿಮ್ಮ ಹೆಂಡ್ತಿ ಅಂತ ಅವರಿಗೆ ಗೊತ್ತೇ ಇಲ್ಲ. ಇನ್ಮೇಲೆ ನಿಮ್ಮ ಗ್ಯಾರೇಜಿಗೆ ಬರೋ ಪ್ರತಿಯೊಂದು ಕಾರಿಗೂ ನನ್ನ ಸೆಟ್ಟನ್ನ ಉಡುಗೊರೆಯಾಗಿ ಹಾಕಿ ಕಳಿಸ್ತಾರಂತೆ! ಸೀಟಿಗೊಂದು, ಸ್ಟೀರಿಂಗಿಗೊಂದು!"

ನಾಡಿಯ ಕಣ್ಣ ಮುಂದೆ ಗ್ಯಾರೇಜಿನ ಬೀದಿ ಬಂದು ನಿಂತಿತು. ಬೀದಿಯುದ್ದಕ್ಕೂ ಕಾರುಗಳ ಸಾಲು. ಪ್ರತಿ ಕಿಟಕಿಯಿಂದಲೂ ಹೊರಚಾಚಿದ ಒಂದು ತಲೆ. ಎಲ್ಲ ತಲೆಗಳ ಬಾಯಲ್ಲೂ ಒಂದೇ ಮಾತು.

"ಏನ್ರೀ ಹಾಗೆ ನಿಂತ್ರಿ? ಬನ್ನಿ ಇಲ್ಲಿ," ಎಂದು ಅವಳು ಅವನ ಕೈ ಹಿಡಿದು ಒಳಗೆ ಎಳೆದಳು. ಮಷಿನ್ನಿನ ಪಕ್ಕದಿಂದ ಹೊಚ್ಚ ಹೊಸ ಮೆತ್ತೆಯೊಂದನ್ನು ತೆಗೆದು ನೆಲದ ಮೇಲಿಟ್ಟಳು. ಅದರ ಮೇಲೆ ಎಲ್ಲಕ್ಕಿಂತ ದೊಡ್ಡ ಗಿಳಿಯಿತ್ತು. "ನಿಮ್ಮ ಕುರ್ಚಿಗೆ ಅಂತ ಹೊಲಿದಿದ್ದು. ಕುರ್ಚಿ ಬರೋವರೆಗೆ ನೆಲದ ಮೇಲೇ ಹಾಕ್ಕೊಂಡು ಕೂತ್ಕೊಳ್ಳಿ. ಸ್ಪಂಜು ಎರಡು ಪದರ ಹಾಕಿದ್ದೀನಿ."

ನಾಡಿ ಕೂತ. ಹಗಲೆಲ್ಲ ಸಿಮೆಂಟಿನ ಮೇಲೆ ಬಿದ್ದುಕೊಂಡಿದ್ದ ಸೊಂಟ ಒಮ್ಮೆಲೇ ಹಗುರಾಯಿತು. ಕೆಳಗೆ ನೆಲವಿದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಅಲ್ಲಿಯ ಸುದ್ದಿ ಮಾತ್ರ ಬರುತ್ತಿರಲಿಲ್ಲ.

"ಹೇಗಿದೆ?" ಎಂದು ಅವಳು ಅವನ ಎದುರಿಗೇ ಕುಕ್ಕರಗಾಲಿನಲ್ಲಿ ಕೂತು, ಆಸೆಯಿಂದ ಕೇಳಿದಳು.

"ಒಂಥರಾ ಇದೆ ಕಣೇ," ಎಂದ ನಾಡಿ.

"ಒಂಥರಾ ಅಂದ್ರೆ?"

ಅವನು ತುಂಬ ಹೊತ್ತು ಯೋಚಿಸಿದ. ಪಾಪ, ಅವನಿಗೂ ಬೇರೆ ಮಾತು ಸಿಗಲಿಲ್ಲ.